ಆ ಕೊನೆಯ ಒಂದೂವರೆ ಮೀಟರಿನ ಲೆಕ್ಕ ಕೇಳಿ: ಸ್ಪ್ರಿಂಕ್ಲರ್ ನಕ್ಷೆಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಕಿ ಬಿದ್ದಾಗ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳ ನಕ್ಷೆ ಮತ್ತು ಹೈಡ್ರಾಲಿಕ್ ಲೆಕ್ಕ (ನೀರಿನ ಹರಿವು, ಒತ್ತಡದ ಲೆಕ್ಕ) ನೋಡಿ ಒಪ್ಪಿಗೆ ಕೊಡುವ ಎಲ್ಲರಿಗೂ ಈ ಪತ್ರ. ನೀವು ಅಗ್ನಿಶಾಮಕ ಇಲಾಖೆಯವರಿರಬಹುದು, ವಿಮೆ ಕಂಪನಿಯ ಪರವಾಗಿ ಬರುವವರಿರಬಹುದು, ಮಾಲೀಕರು ನೇಮಿಸಿದ ಕನ್ಸಲ್ಟೆಂಟ್ ಇರಬಹುದು. ನಾನು ಇಂಥ ಲೆಕ್ಕಗಳನ್ನು ಮಾಡುವ ಮತ್ತು ಬೇರೆಯವರು ಮಾಡಿದ್ದನ್ನು ಪರಿಶೀಲಿಸುವ ಕೆಲಸದಲ್ಲಿ ಇರುವವನು. ನನ್ನ ಬೇಡಿಕೆ ಒಂದೇ. ಫಾಲ್ಸ್ ಸೀಲಿಂಗ್ ಮೇಲೆ ಕೂತು ಸ್ಪ್ರಿಂಕ್ಲರಿಗೆ ನೀರು ತರುವ ಫ್ಲೆಕ್ಸಿಬಲ್ (ಬಾಗುವ) ಹೋಸನ್ನು ಟೇಪ್ ಹಿಡಿದು ಅಳೆದ ಉದ್ದದಲ್ಲೇ ಲೆಕ್ಕಕ್ಕೆ ಸೇರಿಸಿದ್ದರೆ, ಅಥವಾ ಸೇರಿಸದೇ ಬಿಟ್ಟಿದ್ದರೆ, ಆ ಕಡತವನ್ನು ದಯವಿಟ್ಟು ವಾಪಸ್ ಕಳಿಸಿ.

ಮೊದಲೇ ಹೇಳಿಬಿಡುತ್ತೇನೆ, ಈ ಹೋಸ್‌ಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಳ್ಳೆಯ ವಸ್ತು. ಬ್ರಾಂಚ್ ಲೈನಿನಿಂದ (ನೀರು ಹಂಚುವ ಕವಲು ಪೈಪಿನಿಂದ) ಸ್ಪ್ರಿಂಕ್ಲರ್ ಹೆಡ್‌ವರೆಗೆ, ಅಂದರೆ ನೀರು ಚಿಮ್ಮುವ ಬಾಯಿಯವರೆಗೆ, ಗಟ್ಟಿ ಪೈಪಿನಲ್ಲಿ ಡ್ರಾಪ್ (ಕೆಳಗಿಳಿಯುವ ತುಂಡು) ಇಳಿಸಬೇಕು ಅಂದರೆ ಪ್ರತಿ ಹೆಡ್‌ಗೂ ಪೈಪ್ ಕತ್ತರಿಸಬೇಕು, ಥ್ರೆಡ್ ಹಾಕಬೇಕು, ಎರಡು ಮೂರು ಎಲ್ಬೋ ಸೇರಿಸಬೇಕು. ಅಷ್ಟಾದರೂ ಹೆಡ್ ಸೀಲಿಂಗ್ ಟೈಲಿನ ನಡುವೆ ಬರುತ್ತದೆ ಎಂಬ ಖಾತರಿ ಇಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಸುಕ್ಕು ಹೋಸ್ ಇದ್ದರೆ ಒಂದು ತುದಿ ಬ್ರಾಂಚಿಗೆ, ಇನ್ನೊಂದು ತುದಿ ಸೀಲಿಂಗ್ ಬ್ರ್ಯಾಕೆಟ್‌ಗೆ. ಬೇಕಾದಂತೆ ಬಾಗಿಸಿಕೊಂಡರೆ ಕೆಲಸ ಮುಗಿಯಿತು. ಭೂಕಂಪದಲ್ಲಿ ಸೀಲಿಂಗ್ ಅಲ್ಲಾಡಿದಾಗ ಹೆಡ್ ಕೂಡ ಜೊತೆಗೇ ಅಲ್ಲಾಡುತ್ತದೆ, ಮುರಿಯುವ ಸಂಭವ ಕಡಿಮೆ. ಇದೆಲ್ಲ ನಿಜ. ಆದರೆ ಕೆಲಸ ಸುಲಭವಾಯಿತು ಅಂದ ಮಾತ್ರಕ್ಕೆ ನೀರಿಗೂ ದಾರಿ ಸುಲಭವಾಯಿತು ಅಂತ ಅಲ್ವಲ್ಲ.

ನೀರು ಪೈಪಿನಲ್ಲಿ ಹರಿಯುವಾಗ ಎಷ್ಟು ಒತ್ತಡ ಕಳೆದುಕೊಳ್ಳುತ್ತದೆ ಎಂದು ಕಂಡುಹಿಡಿಯಲು ನಾವು ಬಳಸುವುದು ಹೇಜನ್-ವಿಲಿಯಮ್ಸ್ ಸೂತ್ರ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದದ್ದು, ಇವತ್ತಿಗೂ ಸ್ಪ್ರಿಂಕ್ಲರ್ ಲೆಕ್ಕದ ಬೆನ್ನೆಲುಬು. ಅದರಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿವೆ: ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತದೆ, ಪೈಪಿನ ಒಳಮೈ ಎಷ್ಟು ನುಣುಪು, ಒಳವ್ಯಾಸ ಎಷ್ಟು. ಹರಿವಿನ ಘಾತ 1.85. ಅಂದರೆ ಹರಿವು ಎರಡು ಪಟ್ಟಾದರೆ ನಷ್ಟ ಮೂರೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ನುಣುಪಿಗೆ ‘ಸಿ’ ಎಂಬ ಅಂಕಿ. ನೀರು ತುಂಬಿರುವ ವ್ಯವಸ್ಥೆಯ ಕಪ್ಪು ಸ್ಟೀಲ್ ಪೈಪಿಗೆ 120, ತಾಮ್ರಕ್ಕೆ ಮತ್ತು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ 150. ಇನ್ನು ಛೇದದಲ್ಲಿರುವ ಒಳವ್ಯಾಸದ ಘಾತ 4.87. ಇಲ್ಲೇ ನೋಡಿ ಎಡವಟ್ಟು ಶುರುವಾಗುವುದು.

ಶೆಡ್ಯೂಲ್ 40 ಎಂಬ ಗೋಡೆ ದಪ್ಪದ 1 ಇಂಚಿನ ಸ್ಟೀಲ್ ಪೈಪಿನ ಒಳವ್ಯಾಸ 26.6 ಮಿಮೀ. ‘1 ಇಂಚು’ ಎಂದು ಕರೆಸಿಕೊಳ್ಳುವ ಹೋಸಿನ ಒಳಗೆ ನೀರಿಗೆ ಸಿಗುವ ದಾರಿ ಅಷ್ಟೇ ಇರಬೇಕೆಂದೇನೂ ಇಲ್ಲ. ಅದು 20 ಮಿಮೀ ಇದೆ ಎಂದುಕೊಳ್ಳಿ. ಒಳಮೈ ಸ್ಟೀಲ್ ಪೈಪಿನಷ್ಟೇ ನುಣುಪಾಗಿದ್ದರೂ ಪ್ರತಿ ಮೀಟರಿಗೆ ನಷ್ಟ ನಾಲ್ಕು ಪಟ್ಟಾಗುತ್ತದೆ. ಆರೂವರೆ ಮಿಲಿಮೀಟರ್ ಕಡಿಮೆಯಾದದ್ದಕ್ಕೆ ನಾಲ್ಕು ಪಟ್ಟು! ಅದೂ ಒಳಮೈ ನುಣುಪಾಗಿದ್ದರೆ ಮಾತ್ರ. ಇಲ್ಲಿ ಅದು ಸುಕ್ಕು ಸುಕ್ಕು. ಹೋಸ್ ಬಾಗಬೇಕಾದರೆ ಲೋಹದಲ್ಲಿ ಏರು ತಗ್ಗು ಇರಲೇಬೇಕು. ಒಂದೊಂದು ತಗ್ಗಿನಲ್ಲೂ ನೀರು ಸುಳಿ ಸುತ್ತುತ್ತದೆ. ಆ ಸುಳಿಗೆ ಬೇಕಾದ ಶಕ್ತಿ ಒತ್ತಡದಿಂದಲೇ ಹೋಗಬೇಕು. ಇದರ ಮೇಲೆ ಬೆಂಡ್‌ಗಳು. ಕೊನೆಗೆ ಹೆಡ್ ಕೂರುವ ಕಡೆ ದಾರಿಯನ್ನು ಕಿರಿದು ಮಾಡುವ ರೆಡ್ಯೂಸರ್.

ಹಾಗಾಗಿ ಹೋಸಿನ ನಷ್ಟವನ್ನು ಕೂತಲ್ಲೇ ಸೂತ್ರದಿಂದ ಕಂಡುಹಿಡಿಯಲು ಆಗುವುದಿಲ್ಲ. ಪ್ರಯೋಗಾಲಯದಲ್ಲಿ ನೀರು ಹರಿಸಿಯೇ ಅಳೆಯಬೇಕು. ಈ ಹೋಸ್‌ಗಳಿಗೆ ಅಂತಲೇ ಯುಎಲ್, ಎಫ್ಎಂ ಎಂಬ ಪರೀಕ್ಷಾ ಸಂಸ್ಥೆಗಳ ಯುಎಲ್ 2443, ಎಫ್ಎಂ 1637 ಎಂಬ ಮಾನದಂಡಗಳಿವೆ. ಪರೀಕ್ಷೆಯ ಫಲಿತಾಂಶ ‘ಸಮಾನ ಉದ್ದ’ದ ರೂಪದಲ್ಲಿ ಡೇಟಾ ಶೀಟಿನಲ್ಲಿ ಬರುತ್ತದೆ. ಅಂದರೆ ಈ ಹೋಸ್ ಕಳೆಯುವ ಒತ್ತಡವನ್ನು 1 ಇಂಚಿನ ಶೆಡ್ಯೂಲ್ 40 ಸ್ಟೀಲ್ ಪೈಪ್ ಕಳೆಯಬೇಕಾದರೆ ಅದು ಎಷ್ಟು ಉದ್ದ ಇರಬೇಕು ಎಂಬ ಅಂಕಿ. ಒಂದೂವರೆ ಮೀಟರ್ ಹೋಸಿಗೆ ಅದು ಹತ್ತು ಮೀಟರ್ ದಾಟುವುದು ಏನೂ ಅಪರೂಪವಲ್ಲ. ಹೋಸಿನ ಉದ್ದ, ಒಳವ್ಯಾಸ, ಬೆಂಡ್‌ಗಳ ಸಂಖ್ಯೆ, ಹೆಡ್ ಕಡೆಯ ಬಾಯಿ 15 ಮಿಮೀಯೋ 20 ಮಿಮೀಯೋ, ಇವುಗಳಲ್ಲಿ ಯಾವುದು ಬದಲಾದರೂ ಅಂಕಿ ಬದಲಾಗುತ್ತದೆ.

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದಿ. ಕೆ-ಫ್ಯಾಕ್ಟರ್ 80 ಇರುವ ಹೆಡ್, ಅದು 12 ಚದರ ಮೀಟರ್ ಜಾಗ ಕಾಯುತ್ತದೆ, ಅದರಿಂದ ನಿಮಿಷಕ್ಕೆ 100 ಲೀಟರ್ ನೀರು ಬೇಕು. ಹೆಡ್‌ನಿಂದ ಬರುವ ನೀರು ಕೆ-ಫ್ಯಾಕ್ಟರನ್ನು ಒತ್ತಡದ ವರ್ಗಮೂಲದಿಂದ ಗುಣಿಸಿದಷ್ಟು. ಹಾಗಾಗಿ ಹೆಡ್ ಬಾಯಲ್ಲಿ 1.56 ಬಾರ್ ಒತ್ತಡ ಇರಬೇಕು. ಈಗ 100 ಲೀಟರ್ ಹರಿವಿಗೆ 1 ಇಂಚಿನ ಸ್ಟೀಲ್ ಪೈಪಿನಲ್ಲಿ, ಸಿ 120 ಹಿಡಿದರೆ, ಮೀಟರಿಗೆ ಹೆಚ್ಚುಕಡಿಮೆ 0.05 ಬಾರ್ ನಷ್ಟ. ಹೋಸನ್ನು ಟೇಪ್ ಅಳತೆಯ 1.5 ಮೀಟರ್ ಪೈಪ್ ಎಂದುಕೊಂಡವರಿಗೆ ಒಟ್ಟು ನಷ್ಟ 0.075 ಬಾರ್. ಬ್ರಾಂಚ್ ಲೈನಿನಲ್ಲಿ 1.64 ಬಾರ್ ಇದ್ದರೆ ಸಾಕು ಎಂದು ಅವರು ಬರೆಯುತ್ತಾರೆ. ಅದೇ ಹೋಸಿನ ಸಮಾನ ಉದ್ದ 12 ಮೀಟರ್ ಎಂದು ಡೇಟಾ ಶೀಟ್ ಹೇಳುತ್ತಿದ್ದರೆ ನಷ್ಟ 0.6 ಬಾರ್. ನಿಜವಾಗಿ ಬೇಕಾದದ್ದು 2.16 ಬಾರ್.

ಆ ಕಟ್ಟಡದಲ್ಲಿ ಪೈಪ್, ಪಂಪು ಎಲ್ಲ 1.64 ಬಾರಿಗೇ ಹೊಂದಿಸಿ ಕೂತಿವೆ. ಬೆಂಕಿ ಬಿದ್ದ ದಿನ ಏನಾಗುತ್ತದೆ? ಬ್ರಾಂಚಿನಲ್ಲಿ 1.64 ಬಾರ್ ಇದ್ದಾಗ ಆ ಹೆಡ್‌ನಿಂದ ಬರುವುದು ಸುಮಾರು 87 ಲೀಟರ್. 12 ಚದರ ಮೀಟರಿಗೆ ಹಂಚಿದರೆ (ಚದರ ಮೀಟರಿಗೆ ಒಂದು ಲೀಟರ್ ಎಂದರೆ 1 ಮಿಮೀ ನೀರು) ನಿಮಿಷಕ್ಕೆ 8.3 ಮಿಮೀ ಬೀಳಬೇಕಾದ ಕಡೆ 7.2 ಮಿಮೀ. ಸ್ಪ್ರಿಂಕ್ಲರ್ ಅಳವಡಿಕೆಯ ಅಮೆರಿಕದ ಕೋಡ್ ಆದ ಎನ್‌ಎಫ್‌ಪಿಎ 13ರಲ್ಲಿ ಆರ್ಡಿನರಿ ಹಜಾರ್ಡ್ (ಸಾಧಾರಣ ಬೆಂಕಿ ಅಪಾಯ) ಎರಡನೇ ಗುಂಪಿನ ಕಟ್ಟಡಗಳಿಗೆ 139 ಚದರ ಮೀಟರ್ ಮೇಲೆ ನಿಮಿಷಕ್ಕೆ 8.1 ಮಿಮೀ ಹಿಡಿಯುವುದು ರೂಢಿ. ಕಾಗದದ ಮೇಲೆ ಪಾಸಾದ ಹೆಡ್ ಸೀಲಿಂಗಿನಲ್ಲಿ ಫೇಲ್. ನಡುವೆ ಇದ್ದದ್ದು ಒಂದೂವರೆ ಮೀಟರ್ ಹೋಸ್ ಅಷ್ಟೇ.

ಇದನ್ನೇ ಇನ್ನೊಂದು ರೀತಿಯಲ್ಲೂ ನೋಡಬಹುದು. ಹೋಸ್ ಮತ್ತು ಹೆಡ್ ಎರಡನ್ನೂ ಒಟ್ಟಿಗೆ ಒಂದು ಹೆಡ್ ಎಂದುಕೊಂಡರೆ, ಬ್ರಾಂಚ್ ಲೈನಿನ ಕಣ್ಣಿಗೆ ಅದರ ಕೆ-ಫ್ಯಾಕ್ಟರ್ 80 ಅಲ್ಲ, 68. ಹೆಡ್ ಮೇಲೆ ಅಚ್ಚಾದ ಅಂಕಿ ಮಾತ್ರ 80. ಪರಿಶೀಲನೆ ಮಾಡುವವರಿಗೆ ಇದು ಒಳ್ಳೆಯ ಉಪಾಯ. ಲೆಕ್ಕದ ಹಾಳೆಯಲ್ಲಿರುವ ಹೆಡ್‌ನ ಹರಿವನ್ನು ಬ್ರಾಂಚಿನ ಜಾಗದಲ್ಲಿರುವ ಒತ್ತಡದ ವರ್ಗಮೂಲದಿಂದ ಭಾಗಿಸಿ ನೋಡಿ. ಉತ್ತರ ಹೆಡ್‌ನ ಕೆ-ಫ್ಯಾಕ್ಟರಿಗೆ ತೀರಾ ಹತ್ತಿರ ಬಂದರೆ ಹೋಸ್ ಲೆಕ್ಕಕ್ಕೆ ಬಂದಿಲ್ಲ ಎಂದೇ ಅನುಮಾನಿಸಿ. ಅರ್ಧ ನಿಮಿಷದ ಕೆಲಸ.

ಈ ವಿಷಯ ಎತ್ತಿದಾಗಲೆಲ್ಲ ಕೇಳುವ ಉತ್ತರಗಳು ನಿಮಗೂ ಪರಿಚಿತ ಇರಬೇಕು. ಎಲ್ಲಕ್ಕಿಂತ ಜಾಸ್ತಿ ಕೇಳುವುದು, ‘ಸರ್, ಎರಡು ಗಂಟೆ ಪ್ರೆಶರ್ ಟೆಸ್ಟ್ ಮಾಡಿದ್ದೇವೆ, ಒಂದು ಹನಿ ಸೋರಿಲ್ಲ.’ ಸಂತೋಷ. ಆದರೆ 13.8 ಬಾರ್ ಒತ್ತಡದಲ್ಲಿ ಎರಡು ಗಂಟೆ ಮಾಡುವ ಆ ಟೆಸ್ಟಿನಲ್ಲಿ ನೀರು ನಿಂತಿರುತ್ತದೆ. ನಿಂತ ನೀರಿಗೆ ಘರ್ಷಣೆಯ ನಷ್ಟವೇ ಇಲ್ಲ. ಸ್ಟ್ರಾದಷ್ಟು ಸಣ್ಣ ಕೊಳವೆ ಹಾಕಿದ್ದರೂ ಆ ಟೆಸ್ಟ್ ಪಾಸಾಗುತ್ತದೆ. ಅದು ಹೇಳುವುದು ಜಾಯಿಂಟ್‌ಗಳು ಗಟ್ಟಿಯಿವೆ ಎಂಬುದನ್ನು ಮಾತ್ರ. ಇನ್‌ಸ್ಪೆಕ್ಟರ್ ಟೆಸ್ಟ್ ವಾಲ್ವ್ (ಪರೀಕ್ಷೆಗೆಂದೇ ಪೈಪಿಗೆ ಜೋಡಿಸಿದ ವಾಲ್ವ್) ತೆರೆದು ತೋರಿಸಿದ್ದೇವೆ ಎನ್ನುವವರೂ ಇದ್ದಾರೆ. ಆ ನೀರು ಸೀಲಿಂಗಿನ ಹೋಸ್‌ಗಳ ಮೂಲಕ ಹರಿಯುವುದೇ ಇಲ್ಲ. ಅಲಾರಂ ಬಡಿಯುತ್ತದೋ ಇಲ್ಲವೋ ನೋಡಲು ಅದು ಸರಿ. ನೀರು ಖಾಲಿ ಮಾಡುವ ಮುಖ್ಯ ವಾಲ್ವ್ ತೆರೆದು ನೋಡುವ ಮೇನ್ ಡ್ರೇನ್ ಟೆಸ್ಟ್ ಕೂಡ ಹಾಗೇ. ಕಟ್ಟಡ ಮುಗಿದ ಮೇಲೆ ಈ ನಷ್ಟವನ್ನು ಮಾಮೂಲಿಯಾಗಿ ಅಳೆಯುವ ಟೆಸ್ಟೇ ಇಲ್ಲ. ಸಿಕ್ಕಿಬೀಳುವ ಜಾಗ ಎಂದರೆ ನಿಮ್ಮ ಮೇಜು ಒಂದೇ. ಅದಕ್ಕೇ ಈ ಪತ್ರ ನಿಮಗೆ.

‘ಹೆಡ್‌ಗೆ ನೇರವಾಗಿ ಜೋಡಿಸುವ ಫಿಟಿಂಗಿನ ನಷ್ಟ ಬಿಡಬಹುದು ಅಂತ ಕೋಡಿನಲ್ಲೇ ಇದೆಯಲ್ಲ’ ಎಂಬುದು ಇನ್ನೊಂದು ವಾದ. ಹೌದು, ಇದೆ. ಅದು ಹೆಡ್ ಕೂರುವ ಎಲ್ಬೋ, ರೆಡ್ಯೂಸರ್‌ನಂಥ ತುಂಡಿಗೆ ಕೊಟ್ಟ ವಿನಾಯಿತಿ. ಒಂದೂವರೆ ಮೀಟರ್ ಹೋಸನ್ನು ಫಿಟಿಂಗ್ ಎಂದು ಕರೆದು ಅದರೊಳಗೆ ತೂರಿಸುವುದು ಬರೀ ಜಾಣತನ. ಹೋಸಿನ ನಷ್ಟವನ್ನು ಲೆಕ್ಕಕ್ಕೆ ಸೇರಿಸಬೇಕು ಎಂದು ಎನ್‌ಎಫ್‌ಪಿಎ 13 ಬಯಸುತ್ತದೆ. ‘ಸೇಫ್ಟಿ ಮಾರ್ಜಿನ್ ಇಟ್ಟಿದ್ದೇವೆ, ಅದರಲ್ಲಿ ಹೋಗುತ್ತೆ ಬಿಡಿ’ ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಆ ಮಾರ್ಜಿನ್ ಇಟ್ಟದ್ದು ಮುಂದೆ ನೀರಿನ ಸರಬರಾಜು ಕುಗ್ಗಿದರೆ, ಪೈಪು ಹಳೆಯದಾದರೆ ಎಂದಲ್ಲವೇ? ಮೊದಲ ದಿನವೇ ಅದನ್ನು ಖರ್ಚು ಮಾಡಿದರೆ ಹತ್ತು ವರ್ಷದ ನಂತರ ಏನು ಉಳಿಯುತ್ತದೆ?

ಇನ್ನು ಹೋಸನ್ನು ಲೆಕ್ಕಕ್ಕೆ ಸೇರಿಸಿಯೂ ತಪ್ಪಾಗುವ ಕಡತಗಳ ಬಗ್ಗೆ. ಇವು ಹೆಚ್ಚು ತೊಂದರೆಯವು, ಏಕೆಂದರೆ ಮೇಲುನೋಟಕ್ಕೆ ಎಲ್ಲ ಸರಿ ಕಾಣುತ್ತದೆ. ಡೇಟಾ ಶೀಟಿನ 12 ಮೀಟರ್ ಎಂಬುದು 1 ಇಂಚಿನ ಸ್ಟೀಲ್ ಪೈಪ್, ಸಿ 120 ಎಂಬ ಆಧಾರದ ಮೇಲೆ ಕೊಟ್ಟದ್ದು. ಸಾಫ್ಟ್‌ವೇರಿನಲ್ಲಿ ಅದನ್ನು ಸಿಪಿವಿಸಿ ಪೈಪಿನ ಸಾಲಿಗೆ ಹಾಗೇ ತುಂಬಿದರೆ ಏನಾಗುತ್ತದೆ? ಸಿಪಿವಿಸಿ ಹೆಚ್ಚು ನುಣುಪು, ಒಳವ್ಯಾಸವೂ ಸ್ವಲ್ಪ ದೊಡ್ಡದು, ಸುಮಾರು 28 ಮಿಮೀ. ಅದೇ ನಷ್ಟ ತೋರಿಸಲು ಅಲ್ಲಿ ಹೆಚ್ಚುಕಡಿಮೆ 23 ಮೀಟರ್ ಬರೆಯಬೇಕು. 12 ಎಂದೇ ಬರೆದವರು ಅರ್ಧ ನಷ್ಟವನ್ನು ಸದ್ದಿಲ್ಲದೆ ಅಳಿಸಿಹಾಕಿದಂತೆ. ಡ್ರೈ ಸಿಸ್ಟಮ್ಮಿನಲ್ಲಿ (ಬೆಂಕಿ ಬೀಳುವವರೆಗೆ ಪೈಪಿನಲ್ಲಿ ನೀರಿನ ಬದಲು ಗಾಳಿ ಇರುವ ವ್ಯವಸ್ಥೆಯಲ್ಲಿ) ಇದು ತಿರುಗುಮುರುಗು. ಅಲ್ಲಿ ಸ್ಟೀಲ್ ಪೈಪಿಗೆ ಸಿ 100 ಹಿಡಿಯುವುದರಿಂದ ಸಮಾನ ಉದ್ದವನ್ನು 0.713ರಿಂದ ಗುಣಿಸಿ ಕಡಿಮೆ ಮಾಡಬೇಕು. ಇಷ್ಟೆಲ್ಲ ತಲೆನೋವು ಬೇಡ ಎಂದರೆ ಹೋಸಿಗೆಂದೇ ಬೇರೆ ಪೈಪ್ ತುಂಡು ಮಾಡಿ, ಒಳವ್ಯಾಸ 26.6, ಸಿ 120 ಎಂದು ಕೊಟ್ಟು, ಡೇಟಾ ಶೀಟಿನ ಅಂಕಿಯನ್ನು ಅಲ್ಲಿ ತುಂಬಿದರೆ ಆಯಿತು. ನಾನು ಹಾಗೇ ಮಾಡುವುದು. ಆಧಾರದ ಪೈಪು ಯಾವುದು ಎಂದು ಡೇಟಾ ಶೀಟಿನ ಅಡಿಟಿಪ್ಪಣಿಯಲ್ಲಿ ನೋಡಿಕೊಂಡೇ ತುಂಬಬೇಕು ಅನ್ನಿ.

ಉದ್ದವನ್ನು ಅನುಪಾತದಲ್ಲಿ ಹಂಚುವುದು ಕೂಡ ತಪ್ಪು. 1.8 ಮೀಟರ್ ಹೋಸಿನ ಅಂಕಿ ಇದೆ, ನಮ್ಮದು 0.9 ಮೀಟರ್, ಅರ್ಧ ತೆಗೆದುಕೊಳ್ಳೋಣ ಎಂದರೆ ಆಗದು. ಎರಡೂ ತುದಿಯ ಫಿಟಿಂಗ್ ಮತ್ತು ರೆಡ್ಯೂಸರಿನ ನಷ್ಟ ಎರಡು ಹೋಸಿನಲ್ಲೂ ಅಷ್ಟೇ ಇರುತ್ತದೆ, ಬೆಂಡ್‌ಗಳ ಸಂಖ್ಯೆ ಬೇರೆ ಇರುತ್ತದೆ. ಆ ಉದ್ದದ ಹೋಸಿನ ಅಂಕಿಯೇ ಬೇಕು. ಒಂದೇ ಹೋಸಿಗೆ ಎರಡು ಪ್ರಯೋಗಾಲಯಗಳ ಅಂಕಿಗಳು ಬೇರೆ ಬೇರೆ ಇರುವುದೂ ಉಂಟು. ಒಪ್ಪಿಕೊಳ್ಳುವ ಬೆಂಡ್‌ಗಳ ಸಂಖ್ಯೆ, ಬಾಗಿನ ತ್ರಿಜ್ಯ ಬೇರೆ ಇದ್ದ ಮೇಲೆ ಅಂಕಿ ಬೇರೆ ಆಗುವುದು ಸಹಜ. ಒಂದು ಪಟ್ಟಿಯಿಂದ ಸಮಾನ ಉದ್ದ, ಇನ್ನೊಂದರಿಂದ ಬೆಂಡ್ ಸಂಖ್ಯೆ ಆರಿಸಿಕೊಂಡು ಕಡತ ತುಂಬಿದ್ದನ್ನು ನೋಡಿದ್ದೇನೆ. ಎರಡರಲ್ಲೂ ಅನುಕೂಲವಾದದ್ದನ್ನೇ ಆರಿಸಿದ್ದರು ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಮಾತು, ಇದನ್ನು ಅನುಭವಿಗಳೂ ಮರೆಯುತ್ತಾರೆ. ಲೆಕ್ಕ ಮಾಡುವುದು ಪಂಪಿನಿಂದ ಅತ್ಯಂತ ದೂರದ ಹೆಡ್‌ಗಳಿಗೆ. ಅಲ್ಲಿ ನೀರು ಸಾಕಷ್ಟು ಬಂದರೆ ಉಳಿದ ಕಡೆ ಬಂದೇ ಬರುತ್ತದೆ ಎಂಬ ನಂಬಿಕೆ. ಗಟ್ಟಿ ಪೈಪಿನ ಕಾಲಕ್ಕೆ ಇದು ಬಹುಪಾಲು ಸರಿ, ಏಕೆಂದರೆ ಡ್ರಾಪ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತಿದ್ದವು. ಈಗ ದೂರದ ತುದಿಯಲ್ಲಿ 0.9 ಮೀಟರ್ ಹೋಸ್ ಹಾಕಿ, ಸ್ವಲ್ಪ ಹತ್ತಿರದ ದೊಡ್ಡ ಹಾಲಿನಲ್ಲಿ ಸೀಲಿಂಗ್ ಕೆಳಗಿಳಿಸಿ 1.8 ಮೀಟರ್ ಹೋಸ್ ಹಾಕಿದ್ದರೆ? ಒತ್ತಡದ ಲೆಕ್ಕದಲ್ಲಿ ಆ ಹಾಲೇ ಹೆಚ್ಚು ‘ದೂರ’ ಆಗಿಬಿಡಬಹುದು. ಹಾಗಾಗಿ ಬೇರೆ ಬೇರೆ ಉದ್ದದ ಹೋಸ್‌ಗಳಿರುವ ಕಟ್ಟಡದಲ್ಲಿ ಒಂದೇ ಜಾಗದ ಲೆಕ್ಕ ಕೊಟ್ಟರೆ ಸಾಲದು. ಉದ್ದ ಹೋಸ್ ಇರುವ ಜಾಗದ ಲೆಕ್ಕವನ್ನೂ ಕೇಳಿ.

ಸೈಟಿನಲ್ಲಿ ಆಗುವುದು ಬೇರೆಯೇ ಕಥೆ. ನಕ್ಷೆಯಲ್ಲಿ ಒಂದು ಮಾಡೆಲ್ ಇರುತ್ತದೆ. ಕೊಳ್ಳುವ ಹೊತ್ತಿಗೆ ಅದು ಸಿಗಲಿಲ್ಲ, ‘ಅದೇ ಸೈಜು, ಅದೇ ಉದ್ದ, ಯುಎಲ್ ಮಾರ್ಕೂ ಇದೆ’ ಎಂದು ಇನ್ನೊಂದು ಬರುತ್ತದೆ. ಮಾರ್ಕ್ ಇರುವುದು ಒಳ್ಳೆಯದೇ. ಆದರೆ ಮಾರ್ಕ್ ಇರುವ ಎರಡು ಹೋಸ್‌ಗಳ ಸಮಾನ ಉದ್ದದಲ್ಲಿ ದುಪ್ಪಟ್ಟು ವ್ಯತ್ಯಾಸ ಇರಬಹುದು. ಪರೀಕ್ಷೆ ಆ ಅಂಕಿಯನ್ನು ಕಂಡುಹಿಡಿಯುತ್ತದೆ, ಎಲ್ಲರಿಗೂ ಒಂದೇ ಅಂಕಿ ಇರಬೇಕು ಎನ್ನುವುದಿಲ್ಲ. ಆಮೇಲೆ ಸೀಲಿಂಗಿನವರು ಬರುತ್ತಾರೆ. ಅವರಿಗೆ ಡಕ್ಟ್ ದಾಟಿಸಬೇಕು, ದೀಪ ಕೂರಿಸಬೇಕು. ಹೋಸ್ ಅಡ್ಡ ಬಂದರೆ ಇನ್ನೊಂದು ಸುತ್ತು ಬಾಗಿಸುತ್ತಾರೆ. ಮೂರು ಬೆಂಡಿಗೆ ಲೆಕ್ಕ ಹಾಕಿದ ಹೋಸ್ ಐದು ಬೆಂಡ್ ಹೊತ್ತು ಕೂರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಉದ್ದ ಹೆಚ್ಚಾದ ಹೋಸನ್ನು ಸುರುಳಿ ಸುತ್ತಿ ಸೀಲಿಂಗ್ ಮೇಲೆ ಮಲಗಿಸಿದ್ದರೆ ಮಾತ್ರ ಅದು ಇಂಜಿನಿಯರ್ ಮಾಡಿದ ತಪ್ಪು. ಸರಿಯಾದ ಉದ್ದ ಆರ್ಡರ್ ಮಾಡಿಲ್ಲ ಎಂದರ್ಥ.

ನಿಮ್ಮ ಕೈಲಿ ಏನು ಮಾಡಲು ಸಾಧ್ಯ? ನಕ್ಷೆಯ ಮೇಲೆಯೇ ಹೋಸಿನ ಪಟ್ಟಿ ಇರಲೇಬೇಕು ಎಂದು ಒತ್ತಾಯಿಸಿ. ಮಾಡೆಲ್, ಉದ್ದ, ಹೆಡ್ ಕಡೆಯ ಸೈಜು, ಲೆಕ್ಕದಲ್ಲಿ ಹಿಡಿದ ಬೆಂಡ್‌ಗಳ ಸಂಖ್ಯೆ, ಸಮಾನ ಉದ್ದ, ಅದು ಯಾವ ಪೈಪಿನ ಆಧಾರದ ಮೇಲೆ ಎಂಬುದು, ಎಲ್ಲ ಒಂದೇ ಕಡೆ. ಜೊತೆಗೆ ಡೇಟಾ ಶೀಟಿನ ಆ ಪುಟ. ಸೈಟಿನಲ್ಲಿ ಬದಲಿ ಹೋಸ್ ಬಂದರೆ ಅದರ ಸಮಾನ ಉದ್ದ ಹಳೆಯದಕ್ಕಿಂತ ಕಡಿಮೆ ಅಥವಾ ಅಷ್ಟೇ ಇದ್ದರೆ ಸರಿ, ಹೆಚ್ಚಿದ್ದರೆ ಹೊಸ ಲೆಕ್ಕ ಎಂದು ಒಪ್ಪಿಗೆ ಪತ್ರದಲ್ಲೇ ಬರೆದುಬಿಡಿ. ಟೈಲ್ ಮುಚ್ಚುವ ಮೊದಲು ಒಮ್ಮೆ ಮೇಲೆ ನೋಡಿ. ಎಲ್ಲ ಹೆಡ್ ನೋಡಬೇಕಿಲ್ಲ. ಲೆಕ್ಕ ಮಾಡಿದ ಜಾಗದ ಹೆಡ್‌ಗಳು ಮತ್ತು ಉದ್ದದ ಹೋಸ್‌ಗಳು ಸಾಕು. ಒಳಾಂಗಣ ಬದಲಿಸುವ ಅರ್ಜಿ ಬಂದಾಗ, ‘ಹೆಡ್‌ಗಳ ಸಂಖ್ಯೆ ಬದಲಾಗಿಲ್ಲ’ ಎಂಬ ಒಂದೇ ಸಾಲಿಗೆ ಒಪ್ಪಬೇಡಿ. ಹೆಡ್ ಅಷ್ಟೇ ಇದ್ದು ಗೋಡೆ ಸರಿದಿದ್ದರೆ ಹೋಸ್ ಬದಲಾಗಿರುತ್ತದೆ.

ಈಗಾಗಲೇ ಹೋಸ್ ಲೆಕ್ಕ ಬಿಟ್ಟು ಕಟ್ಟಿದ ಕಟ್ಟಡಗಳ ಗತಿ ಏನು ಎಂದು ನೀವು ಕೇಳಬಹುದು. ಎಲ್ಲವನ್ನೂ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಸೀಲಿಂಗ್ ಮೇಲೆ ನಿಜಕ್ಕೂ ಏನಿದೆ ನೋಡಿ, ಅದರ ಅಂಕಿ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಸಿ. ಪಂಪಿನಲ್ಲಿ ಹೆಚ್ಚುವರಿ ಒತ್ತಡ ಇರುವ ಕಟ್ಟಡಗಳು ಹಾಗೇ ಪಾಸಾಗಬಹುದು. ಸಾಲದೇ ಬಂದರೆ ಮೊದಲು ನೋಡಬೇಕಾದದ್ದು ಹೋಸಿನ ಉದ್ದ ಕಡಿಮೆ ಮಾಡಲು ಆಗುತ್ತದಾ ಎಂದು. ಆಮೇಲೆ ಒಳವ್ಯಾಸ ದೊಡ್ಡದಿರುವ, ಸಮಾನ ಉದ್ದ ಕಡಿಮೆ ಇರುವ ಮಾಡೆಲ್. ಕೆಲವರು ಕೆ-ಫ್ಯಾಕ್ಟರ್ 115ರ ಹೆಡ್ ಹಾಕುತ್ತಾರೆ. 100 ಲೀಟರಿಗೆ ಅದಕ್ಕೆ 0.76 ಬಾರ್ ಸಾಕು, ಹೋಸಿನ 0.6 ಸೇರಿಸಿದರೂ 1.36. ಹಾಗಾಗಿ ಮೇಲಿನ ಉದಾಹರಣೆಯ 1.64 ಬಾರಿನಲ್ಲೇ ಕೆಲಸ ಆಗುತ್ತದೆ. ಆದರೆ ಆ ಒತ್ತಡದಲ್ಲಿ ಅದು 100ಕ್ಕೆ ನಿಲ್ಲದೆ 110 ಲೀಟರ್ ಸುರಿಯುತ್ತದೆ. ಪ್ರತಿ ಹೆಡ್ ಹೀಗೆ ಜಾಸ್ತಿ ಎಳೆದರೆ ಮೇನ್ ಪೈಪಿನ ನಷ್ಟ ಏರುತ್ತದೆ, ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಜೊತೆಗೆ ಆ ಹೆಡ್‌ಗೆ ಸಾಮಾನ್ಯವಾಗಿ ಹೋಸಿನ ಬಾಯಿ 20 ಮಿಮೀ ಬೇಕು. ಅಂದರೆ ಸಮಾನ ಉದ್ದದ ಅಂಕಿಯೂ ಬೇರೆ. ಹೆಡ್ ಬದಲಿಸಿದ ಕಡತದ ಜೊತೆ ಪಂಪಿನಿಂದ ಹೆಡ್‌ವರೆಗಿನ ಪೂರ್ತಿ ಹೊಸ ಲೆಕ್ಕ ಮತ್ತು ಟ್ಯಾಂಕಿನ ಲೆಕ್ಕ ಇದ್ದರೆ ಮಾತ್ರ ಸಹಿ ಹಾಕಿ.

ಇಂತಿ,
ಸ್ಪ್ರಿಂಕ್ಲರ್ ಲೆಕ್ಕ ಮಾಡುವ ಒಬ್ಬ ಇಂಜಿನಿಯರ್